ಉತ್ತರ ನೋಡುವ ಅವಸರ ಬೇಡ

ಲೆಕ್ಕ ಬಾರದೆ ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದವರನ್ನು ನಾನು ಅಷ್ಟಾಗಿ ನೋಡಿಲ್ಲ. ಉತ್ತರವನ್ನು ಬೇಗ ನೋಡುವ ಚಟ ಹತ್ತಿಸಿಕೊಂಡು ಹಿಂದೆ ಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಜಿಆರ್‌ಇ, ಜಿಮ್ಯಾಟ್, ಕ್ಯಾಟ್, ಗೇಟ್ ಎಂದು ನಿದ್ದೆಗೆಟ್ಟು ಕೂತಿರುವ ಹುಡುಗ ಹುಡುಗಿಯರೇ, ಹಿರಿಯನೊಬ್ಬ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಎಂದುಕೊಂಡು ಈ ನಾಲ್ಕು ಮಾತು ಕೇಳಿ. ಕೇಳಿದ ಮೇಲೆ ಒಪ್ಪಿಗೆಯಾಗದಿದ್ದರೆ ವಾದ ಮಾಡಿ. ಗಣಿತದ ಮೇಷ್ಟರಿಗೆ ತಲೆಯಾಡಿಸುವವರಿಗಿಂತ ವಾದ ಮಾಡುವವರೇ ಹೆಚ್ಚು ಇಷ್ಟ.

ನನ್ನ ಮನೆ ಬೆಂಗಳೂರಿನ ಹಲಸೂರಿನಲ್ಲಿ. ದಂಡಿನ ಕಡೆಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಈಗಲೂ ಸಂಜೆ ಹೊತ್ತು ಮೂವರು ಮಕ್ಕಳು ಬರುತ್ತಾರೆ. ಒಬ್ಬಳು ಕೆ.ಆರ್.ಪುರದವಳು, ಇನ್ನೊಬ್ಬ ಇಂದಿರಾನಗರದ ಪಿ.ಜಿ.ಯಲ್ಲಿರುವವನು, ಮತ್ತೊಬ್ಬ ಶಿವಾಜಿನಗರದ ಗಲ್ಲಿಯವನು. ಮನೆಯಲ್ಲಿ ಒಬ್ಬರದು ತಮಿಳು, ಒಬ್ಬರದು ಉರ್ದು, ಒಬ್ಬರದು ತೆಲುಗು. ನನ್ನ ಜೊತೆ ಎಲ್ಲರದೂ ಕನ್ನಡವೇ. ಲೆಕ್ಕ ಮಾಡುವ ರೀತಿಯಂತೂ ಎಲ್ಲರದೂ ಒಂದೇ. ಫೋನಿನಲ್ಲಿ ಪ್ರಶ್ನೆ ಓದುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಒಂದು ನಿಮಿಷ ಕಳೆಯುವುದರೊಳಗೆ ಬೆರಳು ಸಲ್ಯೂಷನ್ ಮೇಲೆ ಹೋಗಿರುತ್ತದೆ. 'ಓ, ಇಷ್ಟೇನಾ' ಎನ್ನುತ್ತಾರೆ. ಮುಂದಿನ ಪ್ರಶ್ನೆ. ರಾತ್ರಿಯ ಹೊತ್ತಿಗೆ ಐವತ್ತು ಲೆಕ್ಕ ಆಯಿತೆಂಬ ಸಮಾಧಾನದಲ್ಲಿ ಮಲಗುತ್ತಾರೆ. ವಾರ ಬಿಟ್ಟು ಅದೇ ಐವತ್ತರಲ್ಲಿ ಹತ್ತನ್ನು ಎದುರಿಗಿಟ್ಟರೆ ಅರ್ಧದಷ್ಟಕ್ಕೆ ಕೈ ಓಡುವುದಿಲ್ಲ. ಅಡುಗೆಯ ವಿಡಿಯೊ ನೋಡಿದರೆ ಹೊಟ್ಟೆ ತುಂಬುತ್ತದೆಯೇ?

ನಮ್ಮ ಕಾಲದ್ದೊಂದು ಹೇಳುತ್ತೇನೆ. ಎಂಬತ್ತರ ದಶಕ. ದೂರವಾಣಿನಗರದ ಐಟಿಐ ಕಾರ್ಖಾನೆಯ ಕ್ವಾರ್ಟರ್ಸು, ಎಚ್‌ಎಎಲ್ ಸುತ್ತಮುತ್ತಲ ಬಡಾವಣೆಗಳು, ಬೈಯಪ್ಪನಹಳ್ಳಿ ಕಡೆಯ ಕಾರ್ಖಾನೆಗಳ ನೌಕರರ ಮನೆಗಳು, ಇಲ್ಲೆಲ್ಲ ಎಂಜಿನಿಯರಿಂಗ್ ಮುಗಿಸಿದ ಹುಡುಗರಿಗೆ ಅಮೆರಿಕದ ಕನಸು ಹತ್ತಿದ ಕಾಲ. ಜಿಆರ್‌ಇಗೆ ಓದಲು ಬ್ಯಾರನ್ಸ್ ಎಂಬ ದಪ್ಪ ಪುಸ್ತಕವೊಂದಿತ್ತು. ಅದನ್ನು ಹೊಸದಾಗಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಗೆಳೆಯರ ಗುಂಪಿಗೆ ಒಂದು ಪ್ರತಿ, ಅದೂ ಯಾರೋ ಹೋಗುವಾಗ ಬಿಟ್ಟುಹೋದದ್ದು. ಶಿವಾಜಿನಗರದಲ್ಲಿ ಪ್ರಶ್ನೆಗಳ ಪುಟಗಳನ್ನಷ್ಟೇ ಜೆರಾಕ್ಸ್ ಮಾಡಿಸುತ್ತಿದ್ದರು. ದುಡ್ಡು ಉಳಿಯಲೆಂದು ಉತ್ತರದ ಪುಟಗಳನ್ನು ಬಿಡುತ್ತಿದ್ದರು. ಪುಸ್ತಕ ಇದ್ದವನ ಮನೆಯಲ್ಲಿ ಭಾನುವಾರ ಎಲ್ಲರೂ ಸೇರಿದಾಗಲೇ ಯಾರದು ಸರಿ, ಯಾರದು ತಪ್ಪು ಎಂದು ತಿಳಿಯುತ್ತಿದ್ದದ್ದು.

ಈ ಬಡತನದಿಂದ ಒಂದು ಲಾಭವಾಯಿತು. ಸೋಮವಾರ ಬಗೆಹರಿಯದೆ ಉಳಿದ ಲೆಕ್ಕ ಶನಿವಾರದವರೆಗೂ ತಲೆಯಲ್ಲಿ ಕೊರೆಯುತ್ತಿತ್ತು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಅದೇ ಯೋಚನೆ. ಭಾನುವಾರ ಒಬ್ಬ ಒಂದು ದಾರಿ ಹೇಳಿದರೆ ಇನ್ನೊಬ್ಬ ಬೇರೆ ದಾರಿ ಹೇಳುತ್ತಿದ್ದ. ಕೊನೆಗೆ ಪುಸ್ತಕ ತೆರೆದು ಉತ್ತರ ನೋಡುವ ಹೊತ್ತಿಗೆ ಆ ಲೆಕ್ಕ ಅವರ ಸ್ವಂತದ್ದಾಗಿರುತ್ತಿತ್ತು.

ಹಾಗೆಂದು ಆ ಕಾಲವೇ ಚಿನ್ನ ಎಂದು ನಾನು ಹೇಳಲಾರೆ. ಡಾಲರಿನಲ್ಲಿ ಶುಲ್ಕ ಕಟ್ಟುವುದೇ ಒಂದು ಸಾಹಸವಾಗಿತ್ತು. ಎಷ್ಟೋ ಜಾಣ ಹುಡುಗಿಯರನ್ನು ಮನೆಯವರು ಪರೀಕ್ಷೆಗೇ ಕಳಿಸಲಿಲ್ಲ. ಎಷ್ಟೋ ಹುಡುಗರಿಗೆ ಇಂಥದೊಂದು ಪರೀಕ್ಷೆ ಇದೆಯೆಂದೇ ಗೊತ್ತಿರಲಿಲ್ಲ. ಈಗ ನಿಮ್ಮ ಮುಂದೆ ಎಲ್ಲವೂ ಇದೆ. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಎಂಬ ಎರಡು ಮಾದರಿ ಪರೀಕ್ಷೆಗಳನ್ನು ಪುಕ್ಕಟೆ ಕೊಡುತ್ತದೆ. ಜಿಮ್ಯಾಟ್‌ನವರೂ ಎರಡು ಕೊಡುತ್ತಾರೆ. ಗೇಟ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಬಿದ್ದಿವೆ. ಕೆ.ಆರ್.ಪುರದಿಂದ ಇಂದಿರಾನಗರಕ್ಕೆ ಬರಲು ಟಿನ್ ಫ್ಯಾಕ್ಟರಿಯ ಹತ್ತಿರ ಗಂಟೆಗಟ್ಟಲೆ ಒದ್ದಾಡುತ್ತಿದ್ದ ದಿನಗಳೂ ಹೋದವು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್.ಪುರದ ನಡುವಿನ ತುಂಡು ಸೇರಿಕೊಂಡ ಮೇಲೆ ಮೆಟ್ರೊದಲ್ಲಿ ಕೂತರೆ ಸಾಕು. ಹೀಗೆ ಉಳಿದ ಸಮಯ ಎಲ್ಲಿಗೆ ಹೋಯಿತು ಎಂದು ಒಂದು ಸಲ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಈಗ ಒಂದು ಲೆಕ್ಕಕ್ಕೆ ಬರೋಣ. ಜಿಆರ್‌ಇಯಲ್ಲಿ ಎರಡು ಪ್ರಮಾಣಗಳನ್ನು ಹೋಲಿಸುವ ಪ್ರಶ್ನೆಗಳು ಬರುತ್ತವೆ. ಎ ದೊಡ್ಡದು, ಬಿ ದೊಡ್ಡದು, ಎರಡೂ ಸಮ, ಕೊಟ್ಟ ಮಾಹಿತಿಯಿಂದ ಹೇಳಲಾಗದು, ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಕೆ.ಆರ್.ಪುರದ ಹುಡುಗಿಗೆ ನಾನು ಕೊಟ್ಟದ್ದು ತೀರ ಸರಳ. ಎಕ್ಸ್ ಸೊನ್ನೆಗಿಂತ ದೊಡ್ಡ ಸಂಖ್ಯೆ. ಎ ಎಂದರೆ ಎಕ್ಸ್‌ನ ವರ್ಗ, ಬಿ ಎಂದರೆ ಎಕ್ಸ್. ಯಾವುದು ದೊಡ್ಡದು?

"ಎ ಸಾರ್. ಸ್ಕ್ವೇರ್ ಮಾಡಿದ್ರೆ ದೊಡ್ಡದಾಗತ್ತಲ್ವಾ?"

"ಅರ್ಧದ ವರ್ಗ ಎಷ್ಟಮ್ಮ?"

"ಕಾಲು... ಅಯ್ಯೋ ಸಾರ್!"

ಸರಿಯುತ್ತರ, ಹೇಳಲಾಗದು ಎಂಬುದು. ಎರಡಿದ್ದರೆ ವರ್ಗ ದೊಡ್ಡದು, ಒಂದಿದ್ದರೆ ಎರಡೂ ಸಮ, ಅರ್ಧವಿದ್ದರೆ ವರ್ಗವೇ ಚಿಕ್ಕದು. ಆ ಹುಡುಗಿಗೆ ಭಿನ್ನರಾಶಿ ಗೊತ್ತಿಲ್ಲವೇ? ಐದನೇ ತರಗತಿಯಿಂದ ಗೊತ್ತು. ಆದರೆ ಸಂಖ್ಯೆ ಎಂದ ಕೂಡಲೇ ಮನಸ್ಸು ಎರಡು, ಮೂರು, ಹತ್ತು ಎಂದೇ ಓಡುತ್ತದೆ. ಪ್ರಶ್ನೆ ತೆಗೆಯುವವರು ಕಾದು ಕೂತಿರುವುದು ಆ ಜಾಗದಲ್ಲೇ. ಪೂರ್ಣಾಂಕ ಎಂದು ಬರೆದಿದೆಯೇ, ಬರಿಯ ಸಂಖ್ಯೆ ಎಂದಿದೆಯೇ? ಸೊನ್ನೆ ಇರಬಹುದೇ? ಋಣಸಂಖ್ಯೆ ಇರಬಹುದೇ? ಭಿನ್ನರಾಶಿ? ಈ ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಸಲ್ಯೂಷನ್ ನೋಡಿ ಬರುವುದಿಲ್ಲ. ನೋಡಿದಾಗ ಸರಿ ಎನಿಸುತ್ತದೆ, ನಾಳೆ ಮತ್ತೆ ಎರಡು, ಮೂರು, ಹತ್ತು. ತಾನೇ ಒಂದು ಸಲ ಸಿಕ್ಕಿಬಿದ್ದು, ತಾನೇ ಬಿಡಿಸಿಕೊಂಡು ಬಂದವಳಿಗೆ ಮಾತ್ರ ಅದು ರೂಢಿಯಾಗುತ್ತದೆ.

ಇನ್ನೊಂದು ಬಗೆ ಇದಕ್ಕಿಂತ ರುಚಿಯಾದದ್ದು. ಜಿಮ್ಯಾಟ್‌ನಲ್ಲಿ ಉತ್ತರ ಕಂಡುಹಿಡಿಯುವುದರ ಬದಲು, ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಎಂದು ಕೇಳುವ ಪ್ರಶ್ನೆಗಳಿವೆ. 2023ರ ನವೆಂಬರ್‌ನಲ್ಲಿ ಪರೀಕ್ಷೆಯ ರೂಪ ಬದಲಾದಾಗ ಇವನ್ನು ಗಣಿತ ವಿಭಾಗವಾದ ಕ್ವಾಂಟ್‌ನಿಂದ ತೆಗೆದು ಡೇಟಾ ಇನ್‌ಸೈಟ್ಸ್ ಎಂಬ ವಿಭಾಗಕ್ಕೆ ಹಾಕಿದರು. ರೇಖಾಗಣಿತದ ಪ್ರಶ್ನೆಗಳನ್ನು ಕ್ವಾಂಟ್‌ನಿಂದ ಪೂರ್ತಿ ತೆಗೆದರು. ಹಳೆಯ ಪುಸ್ತಕ ಹಿಡಿದು ವೃತ್ತ, ತ್ರಿಕೋನ ಎಂದು ಬೆವರು ಸುರಿಸುವ ಜಿಮ್ಯಾಟ್ ಮಕ್ಕಳು ಇದನ್ನು ಗಮನಿಸಿ. ಇರಲಿ, ನಾನು ಕೊಡುವ ಲೆಕ್ಕ ಇದು. ಒಬ್ಬಳು ಏಳು ರೂಪಾಯಿಯ ಪೆನ್ಸಿಲ್‌ಗಳನ್ನೂ ಹನ್ನೊಂದು ರೂಪಾಯಿಯ ಪೆನ್ನುಗಳನ್ನೂ ಕೊಂಡಳು. ಪೆನ್ಸಿಲ್ ಎಷ್ಟು? ಮೊದಲ ಹೇಳಿಕೆ: ಒಟ್ಟು ಕೊಟ್ಟದ್ದು 58 ರೂಪಾಯಿ. ಎರಡನೇ ಹೇಳಿಕೆ: ಪೆನ್ಸಿಲ್ ಪೆನ್ನು ಎರಡೂ ಸೇರಿ ಆರು.

ನಮ್ಮ ಹುಡುಗರು ನೋಡಿದ ತಕ್ಷಣ ಹೇಳುವುದು ಒಂದೇ: ಎರಡು ಅಜ್ಞಾತ, ಎರಡು ಸಮೀಕರಣ, ಎರಡೂ ಹೇಳಿಕೆ ಬೇಕು. ಕೋಚಿಂಗ್‌ನಲ್ಲಿ ಕಲಿತ ಸೂತ್ರ ಅದು. ತಪ್ಪು. ಮೊದಲ ಹೇಳಿಕೆಯೊಂದೇ ಸಾಕು. ಏಕೆ? ಪೆನ್ನು ಮುಕ್ಕಾಲು, ಪೆನ್ಸಿಲ್ ಎರಡೂವರೆ ಎಂದು ಯಾರೂ ಕೊಳ್ಳುವುದಿಲ್ಲ. ಸಂಖ್ಯೆಗಳು ಪೂರ್ಣಾಂಕಗಳೇ ಆಗಬೇಕು. ಕಾಗದದ ಮೇಲೆ ಬರೆದು ನೋಡಿ. ಪೆನ್ನು ಒಂದಾದರೆ ಉಳಿಯುವುದು 47, ಏಳರಿಂದ ಭಾಗವಾಗದು. ಎರಡಾದರೆ 36, ಆಗದು. ಮೂರಾದರೆ 25, ಆಗದು. ನಾಲ್ಕಾದರೆ 14, ಅಂದರೆ ಎರಡು ಪೆನ್ಸಿಲ್. ಐದಾದರೆ ಉಳಿಯುವುದು ಮೂರೇ ರೂಪಾಯಿ. ಬೇರೆ ದಾರಿಯೇ ಇಲ್ಲ. ಎರಡನೇ ಹೇಳಿಕೆಯನ್ನು ಇಟ್ಟದ್ದೇ ನಿಮ್ಮನ್ನು ಬೀಳಿಸಲು.

ಇದನ್ನು ಬಿಡಿಸುವುದಕ್ಕೆ ದೊಡ್ಡ ಗಣಿತ ಬೇಕಿಲ್ಲ. ಒಂದು ತುಂಡು ಕಾಗದ, ಐದು ಸಾಲು, ಸ್ವಲ್ಪ ತಾಳ್ಮೆ ಸಾಕು. ಆ ತಾಳ್ಮೆಯನ್ನೇ ಶಾರ್ಟ್‌ಕಟ್‌ಗಳು ತಿಂದುಹಾಕುತ್ತಿವೆ. ಸೂತ್ರ ಬೇಡ ಎನ್ನುತ್ತಿಲ್ಲ. ಸೂತ್ರ ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತಿಲ್ಲದೆ ಅದನ್ನು ಬಾಯಿಪಾಠ ಮಾಡಬೇಡಿ.

ಮನೆಯ ಹಿರಿಯರದೂ ಇದರಲ್ಲಿ ಪಾಲಿದೆ. ಮಕ್ಕಳು ಬೇಗ ಉತ್ತರ ಹೇಳಿದರೆ ಚುರುಕು, ಯೋಚಿಸುತ್ತ ಕೂತರೆ ದಡ್ಡ ಎಂದು ನಾವೇ ಕಲಿಸಿಬಿಟ್ಟಿದ್ದೇವೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಹೆಸರು ಹೇಳಿ ಮಕ್ಕಳನ್ನು ಹುರಿದುಂಬಿಸುವ ತಂದೆತಾಯಿಯರನ್ನು ಕಂಡಿದ್ದೇನೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆಕೆ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಗಿನ್ನೆಸ್ ದಾಖಲೆಯಾಯಿತು. ಆ ಪ್ರತಿಭೆಗೆ ಕೈಮುಗಿಯೋಣ. ಆದರೆ ನಿಮ್ಮ ಪರೀಕ್ಷೆ ಕೇಳುತ್ತಿರುವುದು ಅದನ್ನಲ್ಲ. ಜಿಆರ್‌ಇಯಲ್ಲಿ 2011ರಿಂದ ಪರದೆಯ ಮೇಲೇ ಕ್ಯಾಲ್ಕುಲೇಟರ್ ಕೊಡುತ್ತಾರೆ. ಕ್ಯಾಟ್‌ನಲ್ಲೂ ಇದೆ, ಗೇಟ್‌ನಲ್ಲೂ ಇದೆ. ಜಿಮ್ಯಾಟ್‌ನ ಕ್ವಾಂಟ್ ವಿಭಾಗದಲ್ಲಿ ಇಲ್ಲ, ಆದರೆ ಅಲ್ಲಿ ಸಂಖ್ಯೆಗಳನ್ನು ಕೈಲೆಕ್ಕಕ್ಕೆ ಸಿಗುವ ಹಾಗೇ ಆರಿಸಿರುತ್ತಾರೆ. ಗುಣಾಕಾರದ ವೇಗ ಬೇಕಿದ್ದರೆ ಯಂತ್ರವನ್ನು ಯಾಕೆ ಕೊಡುತ್ತಿದ್ದರು?

ಇಲ್ಲಿಗೆ ಬಂದಾಗ ಹುಡುಗರು ತಪ್ಪದೆ ಒಂದು ಪ್ರಶ್ನೆ ಎತ್ತುತ್ತಾರೆ. "ಸಾರ್, ಜಿಆರ್‌ಇಯಲ್ಲಿ ಕ್ವಾಂಟ್‌ನ 27 ಪ್ರಶ್ನೆಗೆ 47 ನಿಮಿಷ. ಜಿಮ್ಯಾಟ್‌ನಲ್ಲಿ 21ಕ್ಕೆ 45 ನಿಮಿಷ. ಕ್ಯಾಟ್‌ನಲ್ಲಿ ಒಂದು ವಿಭಾಗಕ್ಕೆ 40 ನಿಮಿಷ ಅಷ್ಟೇ. ಎರಡು ನಿಮಿಷದ ಲೆಕ್ಕದ ಮೇಲೆ ಅರ್ಧ ಗಂಟೆ ಕೂತ್ಕೊಳ್ಳಿ ಅಂತೀರಲ್ಲ?" ನ್ಯಾಯವಾದ ಪ್ರಶ್ನೆ. ಪರೀಕ್ಷೆಯ ದಿನ ನೀವು ಹೊಸದಾಗಿ ಯೋಚಿಸುವುದು ಬಹಳ ಕಡಿಮೆ. ಮನೆಯಲ್ಲಿ ಯೋಚಿಸಿದ್ದು ನೆನಪಿಗೆ ಬರುತ್ತದೆ, ಅಷ್ಟೇ. ಮನೆಯಲ್ಲಿ ಅರ್ಧ ಗಂಟೆ ಕೊಟ್ಟು ನಾಲ್ಕು ದಾರಿ ಹಿಡಿದು, ಮೂರು ಮುಚ್ಚಿದ ದಾರಿ ಎಂದು ಕಂಡವನಿಗೆ ಅಲ್ಲಿ ಆ ಮೂರಕ್ಕೆ ಹೋಗಬಾರದು ಎಂಬುದು ತಾನಾಗಿ ಹೊಳೆಯುತ್ತದೆ. ಗಡಿಯಾರ ಇಟ್ಟುಕೊಂಡು ಮಾಡುವ ಅಭ್ಯಾಸವೂ ಬೇಕು, ಬೇಡ ಎಂದವರು ಯಾರು? ಅದಕ್ಕೆ ಕೊನೆಯ ಕೆಲವು ವಾರಗಳಿವೆ, ಮಾಕ್ ಟೆಸ್ಟ್‌ಗಳಿವೆ. ಮೊದಲ ದಿನದಿಂದಲೇ ಗಡಿಯಾರಕ್ಕೆ ಹೆದರಿಕೊಂಡು ಓಡಿದರೆ ತಪ್ಪುಗಳೇ ವೇಗವಾಗಿ ಬರುತ್ತವೆ.

ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಿ. ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ 'ಹೌ ಟು ಸಾಲ್ವ್ ಇಟ್' ಎಂಬ ಪುಸ್ತಕ ಬರೆದರು. ಲೆಕ್ಕ ಬಿಡಿಸುವ ನಾಲ್ಕು ಹಂತಗಳಲ್ಲಿ ಕೊನೆಯದು ಹಿಂತಿರುಗಿ ನೋಡುವುದು ಎಂದು ಅದರಲ್ಲಿ ಹೇಳಿದ್ದಾರೆ. ನೀವೆಲ್ಲ ಹಾರಿಸುವುದು ಆ ಹಂತವನ್ನೇ. ಪೋಲ್ಯಾಗಿಂತ ಸಾವಿರ ವರ್ಷಕ್ಕೂ ಮೊದಲು, ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ 'ಗಣಿತಸಾರಸಂಗ್ರಹ' ಬರೆದ. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳು ಅದರಲ್ಲಿವೆ. 139ನ್ನು 109ರಿಂದ ಗುಣಿಸಿದರೆ 15151. ಇನ್ನೊಂದು, 27994681ನ್ನು 441ರಿಂದ ಗುಣಿಸಿದರೆ 12345654321. ಕ್ಯಾಲ್ಕುಲೇಟರ್ ಒತ್ತಿ ಸರಿ ಎಂದು ತಲೆಯಾಡಿಸಿ ಮುಂದೆ ಹೋಗಬಹುದು. ಏಕೆ ಹೀಗೆ ಎಂದು ಒಂದು ಕ್ಷಣ ನಿಂತವನಿಗೆ ಬೇರೆ ಬಾಗಿಲು ತೆರೆಯುತ್ತದೆ. 441 ಎಂದರೆ 21ರ ವರ್ಗ. 12345654321 ಎಂದರೆ ಆರು ಒಂದುಗಳ, ಅಂದರೆ 111111ರ ವರ್ಗ. 111111ನ್ನು 21ರಿಂದ ಭಾಗಿಸಿದರೆ ಶೇಷವಿಲ್ಲದೆ 5291 ಬರುತ್ತದೆ. ಆ ದೊಡ್ಡ ಸಂಖ್ಯೆ 5291ರ ವರ್ಗ. ಗುಟ್ಟು ಅಷ್ಟೇ. ಈ ಗುಟ್ಟನ್ನು ತಾನೇ ಕಂಡವನು ಪರೀಕ್ಷೆಯಲ್ಲಿ ದೊಡ್ಡ ಸಂಖ್ಯೆ ಕಂಡರೆ ಗಾಬರಿಯಾಗುವುದಿಲ್ಲ, ಒಡೆದು ನೋಡುತ್ತಾನೆ.

ಇನ್ನು ತಪ್ಪುಗಳ ವಿಷಯ. ಮಾಕ್ ಟೆಸ್ಟ್ ಮುಗಿಸಿ ಬಂದವರು ಹೇಳುವ ಮಾತು ನನಗೆ ಬಾಯಿಪಾಠ: "ಎಲ್ಲ ಬರ್ತಿತ್ತು ಸಾರ್, ಸಿಲ್ಲಿ ಮಿಸ್ಟೇಕ್." ಆರು ತಪ್ಪಿದ್ದರೆ ಆರೂ ಸಿಲ್ಲಿ ಮಿಸ್ಟೇಕ್. ಹಾಗೆಂದು ಒಂದು ಬುಟ್ಟಿಗೆ ಹಾಕಿ ಮುಚ್ಚಿಬಿಟ್ಟರೆ ಮುಂದಿನ ವಾರವೂ ಆರೇ ಬರುತ್ತವೆ. ಕೆ.ಆರ್.ಪುರದ ಹುಡುಗಿಗೆ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತರಲು ಹೇಳಿದೆ. ತಪ್ಪಿದ ಲೆಕ್ಕಗಳಿಗೆ ಮಾತ್ರ ಅದು. ಲೆಕ್ಕ ಬರೆಯಬೇಕು, ಎಲ್ಲಿ ಹೇಗೆ ತಪ್ಪಿತೆಂದು ಒಂದು ಸಾಲು ಬರೆಯಬೇಕು. 'ಸಿಲ್ಲಿ' ಎಂದು ಬರೆಯುವಂತಿಲ್ಲ, ಅದೊಂದೇ ಷರತ್ತು.

ಮೊದಲ ವಾರ ಅವಳಿಗೆ ಬೇಸರ ಬಂತು. ಆಮೇಲೆ ಬರೆದ ಸಾಲುಗಳನ್ನು ಅವಳೇ ನನಗೆ ಓದಿ ಹೇಳಿದಳು. 'ಧನ ಪೂರ್ಣಾಂಕ ಅಂತ ಇತ್ತು, ಸೊನ್ನೆಯನ್ನೂ ಸೇರಿಸಿಕೊಂಡೆ.' 'ತ್ರಿಜ್ಯ ಕೇಳಿದ್ದರು, ವ್ಯಾಸ ಕೊಟ್ಟೆ.' 'ಚಿತ್ರ ನೋಡಿ ಲಂಬಕೋನ ಅಂದುಕೊಂಡೆ, ಹಾಗೆಂದು ಎಲ್ಲೂ ಹೇಳಿರಲಿಲ್ಲ.' 'ಎಷ್ಟು ಉಳಿಯಿತು ಅಂತ ಕೇಳಿದ್ದರು, ಎಷ್ಟು ಖರ್ಚಾಯಿತು ಅಂತ ಉತ್ತರಿಸಿದೆ.' ಓದುತ್ತ ಓದುತ್ತ ಅವಳೇ ನಿಲ್ಲಿಸಿ, "ಸಾರ್, ಇದರಲ್ಲಿ ಲೆಕ್ಕದ ತಪ್ಪು ಎಲ್ಲಿದೆ? ಎಲ್ಲ ಓದಿನ ತಪ್ಪೇ" ಎಂದಳು. ಹೌದು. ಅವಳು ಅಲ್ಲಿಯವರೆಗೆ ಹೊಸ ಹೊಸ ಅಧ್ಯಾಯಗಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಬೇಕಾಗಿದ್ದದ್ದು ಪ್ರಶ್ನೆಯನ್ನು ಎರಡು ಸಲ ಓದುವ ಅಭ್ಯಾಸ. ಚಿತ್ರಗಳ ಬಗ್ಗೆ ಹೇಳುವುದಾದರೆ, ಜಿಆರ್‌ಇಯ ರೇಖಾಗಣಿತದ ಚಿತ್ರಗಳು ಅಳತೆಗೆ ಸರಿಯಾಗಿಯೇ ಇರಬೇಕೆಂದಿಲ್ಲ ಎಂದು ಸೂಚನೆಯಲ್ಲೇ ಎಚ್ಚರಿಸಿರುತ್ತಾರೆ. ಆ ಸೂಚನೆಯನ್ನು ಓದುವವರು ಯಾರು?

ಓದಿನ ತಪ್ಪಿಗೆ ನಾನು ಹೇಳುವ ಮದ್ದು ಒಂದಿದೆ. ಪ್ರಶ್ನೆಯನ್ನು ನಿಮ್ಮ ಮನೆಮಾತಿನಲ್ಲಿ ಒಮ್ಮೆ ನಿಮಗೆ ನೀವೇ ಹೇಳಿಕೊಳ್ಳಿ. ಕನ್ನಡವೋ ತಮಿಳೋ ಉರ್ದುವೋ, ಯಾವುದಾದರೂ ಸರಿ. ಉದಾಹರಣೆಗೆ, ಕನಿಷ್ಠ ಇಬ್ಬರು ಹುಡುಗಿಯರು ಇರುವ ತಂಡ ಎಂದರೆ ಇಬ್ಬರು, ಮೂವರು, ನಾಲ್ವರು ಎಲ್ಲವೂ ಸೇರುತ್ತದೆ. ಇಂಗ್ಲಿಷಿನಲ್ಲಿ ಓದಿದಾಗ ಕಣ್ಣು ಜಾರಿಹೋಗುವ 'ಕನಿಷ್ಠ'ದಂಥ ಒಂದು ಪದ ಮನೆಮಾತಿನಲ್ಲಿ ಹೇಳುವಾಗ ಜಾರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ತಮಗೆ ಇಂಗ್ಲಿಷ್ ಸಾಲದೆಂದು ಕುಗ್ಗಿ ಕೂರುತ್ತಾರೆ. ನನ್ನ ಅನುಭವದಲ್ಲಿ ಹೀಗೆ ನಿಧಾನವಾಗಿ ಓದಿಕೊಳ್ಳುವವರು ಬಲೆಗೆ ಬೀಳುವುದು ಕಡಿಮೆ. ಕುಗ್ಗಬೇಡಿ.

ದಿನದ ಬದುಕಿನಲ್ಲೂ ಲೆಕ್ಕ ಹುಡುಕಿ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯ ಗಾಜಿನ ಮೇಲೆ ಶೇ. 50ರ ಜೊತೆಗೆ ಮತ್ತೆ ಶೇ. 20 ಎಂದು ಬರೆದಿದ್ದರೆ ಶೇ. 70 ಕಡಿತ ಎಂದುಕೊಂಡು ಒಳಗೆ ನುಗ್ಗುತ್ತೀರಿ. ನೂರು ರೂಪಾಯಿ ಐವತ್ತಾಯಿತು, ಐವತ್ತರ ಶೇ. 20 ಅಂದರೆ ಹತ್ತು. ನೀವು ಕೊಡುವುದು ನಲವತ್ತು. ಕಡಿತ ಶೇ. 60. ಅಂಗಡಿಯವನಿಗೆ ಗೊತ್ತಿರುವುದು ಜಿಆರ್‌ಇ ಬರೆಯುವವನಿಗೆ ಗೊತ್ತಿಲ್ಲದಿದ್ದರೆ ಹೇಗೆ?

ಪರೀಕ್ಷೆಯ ನಿಯಮಗಳನ್ನೂ ಲೆಕ್ಕವೆಂದೇ ತಿಳಿದು ಬಿಡಿಸಿ. ಕ್ಯಾಟ್‌ನ ಬಹು ಆಯ್ಕೆಯ ಪ್ರಶ್ನೆಗೆ ಸರಿಯಾದರೆ 3 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ, ಸೊನ್ನೆ. ಗೇಟ್‌ನ ಒಂದು ಅಂಕದ ಬಹು ಆಯ್ಕೆಯ ಪ್ರಶ್ನೆ ತಪ್ಪಾದರೆ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ, ಅಲ್ಲೂ ಕೂಡಿ ಕಳೆದರೆ ಸೊನ್ನೆಯೇ. ಒಂದು ಆಯ್ಕೆ ಖಂಡಿತ ತಪ್ಪು ಎಂದು ಹೊಡೆದು ಹಾಕಬಲ್ಲಿರಾದರೆ ಆಗ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಜಿಆರ್‌ಇಯಲ್ಲಿ ತಪ್ಪಿಗೆ ಕಡಿತವೇ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಆದರೆ ಅಲ್ಲಿ ಕ್ವಾಂಟ್‌ನ ಮೊದಲ ಭಾಗ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದರ ಕಠಿಣತೆ ನಿರ್ಧಾರವಾಗುತ್ತದೆ. ಶುರುವಿನಲ್ಲಿ ಸುಲಭದ ಪ್ರಶ್ನೆಗಳನ್ನು ಉದಾಸೀನದಿಂದ ಕಳೆದುಕೊಂಡರೆ ಕಷ್ಟದವನ್ನು ಬಿಡಿಸುವ ಅವಕಾಶವೇ ಕೈತಪ್ಪಬಹುದು.

ಒಂದು ಮಾತು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಜಿಆರ್‌ಇಯನ್ನು ಮನೆಯಿಂದಲೇ ಬರೆಯುವ ಅನುಕೂಲ ಬಂದ ಮೇಲೆ, ನಿಮ್ಮ ಬದಲು ಬರೆದುಕೊಡುತ್ತೇವೆ ಎನ್ನುವವರು ಹುಟ್ಟಿಕೊಂಡಿದ್ದಾರೆ. ಮೊನ್ನೆ ಬಂದ ಪ್ರಶ್ನೆಗಳು ನಮ್ಮಲ್ಲಿವೆ, ಇಷ್ಟು ಕೊಡಿ ಎಂದು ಫೋನಿಗೆ ಬರುವವರಿದ್ದಾರೆ. ಅವರ ಹತ್ತಿರವೂ ಸುಳಿಯಬೇಡಿ. ಸಿಕ್ಕಿಬಿದ್ದರೆ ಸ್ಕೋರ್ ರದ್ದಾಗುತ್ತದೆ, ಕಟ್ಟಿದ ಇಪ್ಪತ್ತು ಸಾವಿರಕ್ಕೂ ಮೀರಿದ ಶುಲ್ಕ ಹೋಗುತ್ತದೆ, ಹೆಸರೂ ಹೋಗುತ್ತದೆ. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ. ಅಪ್ಪ ಮನೆ ಅಡವಿಟ್ಟು ತಂದ ಸಾಲದಲ್ಲಿ ಅಷ್ಟು ದೂರ ಹೋಗಿ, ಮೊದಲ ಸೆಮಿಸ್ಟರಿನ ಪಾಠವೇ ಅರ್ಥವಾಗದೆ ಕೂತವರ ಕಥೆ ನನ್ನ ಕಿವಿಗೆ ಬಿದ್ದಿದೆ.

ಸ್ಕೋರ್ ಕಡಿಮೆ ಬಂದರೆ ಮುಖ ತೋರಿಸಲಾಗದು ಎಂದು ಕೂರುವವರಿಗೂ ಒಂದು ಉದಾಹರಣೆ. ಈ ಭಾಗದ ದೊಡ್ಡ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ನನ್ನ ವಿದ್ಯಾರ್ಥಿಯೊಬ್ಬನ ತಂದೆಯ ಕೆಲಸ ಹೋಯಿತು. ಹುಡುಗ ಕ್ಯಾಟ್‌ಗೆ ಓದುತ್ತಿದ್ದ. ಕೋಚಿಂಗ್ ಬಿಟ್ಟ. ಬೆಳಗ್ಗೆ ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು, ಉಳಿದ ಹೊತ್ತಿನಲ್ಲಿ ಹಳೆಯ ಪುಸ್ತಕ ಹಿಡಿದು ದಿನಕ್ಕೆ ಮೂರೋ ನಾಲ್ಕೋ ಲೆಕ್ಕ ಬಿಡಿಸುತ್ತಿದ್ದ. ಬಗೆಹರಿಯದ್ದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ನನ್ನಲ್ಲಿಗೆ ಬರುತ್ತಿದ್ದ. ಮೊದಲ ವರ್ಷ ಪರ್ಸೆಂಟೈಲ್ ಸಾಲಲಿಲ್ಲ. ಎರಡನೇ ವರ್ಷವೂ ಬನ್ನೇರುಘಟ್ಟ ರಸ್ತೆಯ ಐಐಎಂ ಸಿಗಲಿಲ್ಲ, ಬೇರೆ ಒಂದು ಒಳ್ಳೆಯ ಕಾಲೇಜು ಸಿಕ್ಕಿತು. ಇವತ್ತು ಅವನ ಕೈಕೆಳಗೆ ಕೆಲಸ ಮಾಡುವವರು ಹೇಳುತ್ತಾರೆ, ಯಾವ ವರದಿ ಕೊಟ್ಟರೂ ಸಾರ್ ಮೊದಲು ಕೇಳುವುದು 'ಇದು ಹೇಗೆ ಬಂತು' ಅಂತ. ಪರ್ಸೆಂಟೈಲ್ ಎಷ್ಟಿತ್ತೆಂದು ಅವನಿಗೇ ಈಗ ನೆನಪಿಲ್ಲ.

ಆದ್ದರಿಂದ ಮಕ್ಕಳೇ, ಇವತ್ತಿನಿಂದಲೇ ಅಭ್ಯಾಸ ಬದಲಿಸಿ. ದಿನಕ್ಕೆ ಐವತ್ತು ಬೇಡ, ಹತ್ತು ಸಾಕು. ಅದರಲ್ಲಿ ಒಂದಾದರೂ ನಿಮ್ಮನ್ನು ಕಾಡುವಂಥದ್ದಿರಲಿ. ಅದಕ್ಕೆ ಮರುದಿನದವರೆಗೆ ಉತ್ತರ ನೋಡಬೇಡಿ. ಯಾವ ಕೃತಕ ಬುದ್ಧಿಯನ್ನೂ ಕೇಳಬೇಡಿ. ಅದಕ್ಕೆ ಉತ್ತರ ಗೊತ್ತಿದ್ದರೂ ಪರೀಕ್ಷೆ ಬರೆಯುವುದು ನೀವು. ಮೆಟ್ರೊದಲ್ಲಿ ನಿಂತು ಫೋನಿನಲ್ಲಿ ಬಿಡಿಸುವುದಾದರೂ ಜೇಬಿನಲ್ಲಿ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಇಬ್ಬರು ಗೆಳೆಯರ ಜೊತೆ ಕೂತು ತಪ್ಪಿನ ನೋಟ್‌ಬುಕ್ ತೆಗೆದು ಓದಿ. ನಿದ್ದೆಗೆಡಬೇಡಿ.

ಹೋಗುವ ಮುಂಚೆ ಒಂದು ಲೆಕ್ಕ. ಹಲಸೂರಿನಿಂದ ಕೆ.ಆರ್.ಪುರಕ್ಕೆ ಸ್ಕೂಟರಿನಲ್ಲಿ ಹೋಗುವಾಗ ಟ್ರಾಫಿಕ್‌ನಿಂದಾಗಿ ನಿಮ್ಮ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಎಷ್ಟು ವೇಗದಲ್ಲಿ ಬಂದರೆ ಹೋಗಿಬಂದ ಒಟ್ಟು ಪ್ರಯಾಣದ ಸರಾಸರಿ ವೇಗ ಗಂಟೆಗೆ 30 ಕಿ.ಮೀ. ಆಗುತ್ತದೆ? ಥಟ್ಟನೆ 45 ಎಂದವರು ಇನ್ನೊಮ್ಮೆ ಕೂತು ಯೋಚಿಸಿ. ಗೆಳೆಯರನ್ನು ಕೇಳಿ, ಬೇಕಿದ್ದರೆ ಜಗಳವಾಡಿ. ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ.